ಏಳು ಜನರ ವಿಮಾನ

ಕೊಡಿಗೇಹಳ್ಳಿ ಅಂಡರ್‌ಪಾಸಿನ ಗೋಡೆಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ತನ್ನದೇ ಮುಖ ಕಂಡಾಗ ವಾಸುವಿಗೆ ಒಂದು ಕ್ಷಣ ತಾನು ಸತ್ತುಹೋಗಿದ್ದೇನೆ ಅನ್ನಿಸಿತು. ಈ ಏರಿಯಾದಲ್ಲಿ ಅಷ್ಟು ದೊಡ್ಡದಾಗಿ ಮುಖ ಬೀಳುವುದು ಎಲೆಕ್ಷನ್ನಿಗೆ ನಿಂತವರದು, ಇಲ್ಲ ಸತ್ತವರದು. ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಅವನು ಅಲ್ಲೇ ನಿಂತ. ಎಡ ಹುಬ್ಬಿನ ಮೇಲಿನ ಗಾಯದ ಗುರುತನ್ನು ಫೋಟೋದಲ್ಲಿ ಯಾರೋ ಕೆಂಪಗೆ ತಿದ್ದಿದ್ದರು. ಕೆಳಗೆ, ‘ಇಪ್ಪತ್ತು ಜನ ದುಷ್ಕರ್ಮಿಗಳನ್ನು ಒಬ್ಬಂಟಿಯಾಗಿ ಎದುರಿಸಿ ವಿಮಾನ ಕಾಪಾಡಿದ ನಮ್ಮೂರ ಹುಲಿಗೆ ಭಾನುವಾರ ಸನ್ಮಾನ’ ಎಂದಿತ್ತು. ಅದರ ಕೆಳಗೆ ಕಪ್ಪು ಕನ್ನಡಕದ ಅಣ್ಣ ಬಾಲರಾಜು ಕೈ ಜೋಡಿಸಿಕೊಂಡು ನಗುತ್ತಿದ್ದ. ಸ್ಕೂಟರಿನಲ್ಲಿ ಹಾದುಹೋದ ಯಾರೋ, ‘ಏನ್ ಗುರು, ಭಾನ್ವಾರ ಬಿರಿಯಾನಿ ತಾನೆ?’ ಎಂದು ಕೂಗಿದ. ವಾಸು ಕೈ ಎತ್ತಿದ. ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ತಲೆ ಕೆರೆದುಕೊಂಡ. ಅವತ್ತು ಅಲ್ಲಿ ಇಪ್ಪತ್ತು ಜನ ಇದ್ದದ್ದೇನೋ ನಿಜ. ಅವರಲ್ಲಿ ಹತ್ತೊಂಬತ್ತು ಜನ ತಗಡಿನ ಶೆಡ್ಡಿನ ಕೆಳಗೆ ಕೋಳಿ, ಬುಟ್ಟಿ, ಮಕ್ಕಳನ್ನು ತಬ್ಬಿಕೊಂಡು ಸುಮ್ಮನೆ ಕೂತಿದ್ದವರು. ವಾಸುವಿನ ಎದುರಿಗೆ ಬಂದವನು ಒಬ್ಬನೇ, ಅವನ ಕೈಯಲ್ಲಿ ಒಂದು ಕಾಗದ ಬಿಟ್ಟರೆ ಬೇರೇನೂ ಇರಲಿಲ್ಲ.

ಫೋನು ಬಂದದ್ದು ಅಲ್ಲಿ ನಿಂತಿದ್ದಾಗಲೇ. ಗೊತ್ತಿಲ್ಲದ ನಂಬರು. ‘ಸರ್, ನಾನು ತಾಮೆ,’ ಎಂದು ಹಿಂದಿಯಲ್ಲಿ ಹೇಳಿದ ಆ ಧ್ವನಿ, ವಾಸು ಮಾತಾಡದಿದ್ದಾಗ ಇನ್ನೊಮ್ಮೆ, ‘ತಾಮೆ, ಸರ್. ಏರ್‌ಸ್ಟ್ರಿಪ್ಪಿನ ತಾಮೆ,’ ಎಂದಿತು. ಹೆಸರು ಮರೆತಿರಬಹುದೆಂದು ಅವನು ನೆನಪಿಸುತ್ತಿದ್ದ. ‘ನಿಮ್ಮ ಊರಿಗೆ ಬಂದಿದ್ದೇವೆ. ನಾನು, ನನ್ನ ಹೆಂಡತಿ ಯಾಪಿ. ನನ್ನ ಕಣ್ಣಿನ ಆಪರೇಷನ್ ಆಯಿತು. ಕೆಂಪಾಪುರ ಅಂತ ಒಂದು ಕಡೆ ರೂಮು ತಗೊಂಡಿದ್ದೇವೆ. ಒಂದೇ ಒಂದು ಸಲ ಬನ್ನಿ ಸರ್. ಹತ್ತು ನಿಮಿಷ.’ ವಾಸು ಆಯ್ತು ಎಂದ. ಅವನು ಕೆಲಸ ಮಾಡುತ್ತಿದ್ದ, ಪುಟ್ಟ ವಿಮಾನ ಇಳಿಯುವ ಆ ಏರ್‌ಸ್ಟ್ರಿಪ್ಪಿನ ಬೋರ್ಡಿನ ಮೇಲೆ ‘ಸ್ಟೇಷನ್ ಇನ್‌ಚಾರ್ಜ್’ ಎಂದು ಬರೆದು ಕೆಳಗೆ ಹಾಕಿದ್ದ ಅವನ ನಂಬರನ್ನು ಇನ್ನೂ ಯಾರೂ ಅಳಿಸಿರಲಿಲ್ಲ, ಅಷ್ಟೆ. ಆದರೂ ಹುಡುಕಿಕೊಂಡು ಬಂದಿದ್ದಾರೆ ಎಂದು ಮನಸ್ಸು ಹೇಳಿತು. ಕತ್ತಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಓಡಾಡುವ ಜನ ಅವರು, ಬಿದಿರು ಕಡಿಯುವ ಅಗಲ ಕತ್ತಿ. ಎರಡು ವರ್ಷ ಅವರ ನಡುವೆ ಇದ್ದು ಒಮ್ಮೆಯೂ ಆ ಕತ್ತಿ ಮನುಷ್ಯರ ಮೇಲೆ ಎದ್ದದ್ದನ್ನು ನೋಡದಿದ್ದರೂ ಅವನಿಗೆ ಈಗ ಕಂಡದ್ದು ಕತ್ತಿಯೇ.

ಜಕ್ಕೂರಿನ ಕಡೆಯಿಂದ ತರಬೇತಿಯ ಪುಟ್ಟ ವಿಮಾನವೊಂದು ತಲೆಯ ಮೇಲೆ ಗುರುಗುಟ್ಟುತ್ತ ಹೋಯಿತು. ಇಲ್ಲಿ ಯಾರೂ ತಲೆ ಎತ್ತಲಿಲ್ಲ. ಅಲ್ಲಿ, ಅರುಣಾಚಲದ ಆ ಕಣಿವೆಯಲ್ಲಿ, ಇಂಥ ಸದ್ದಿಗೆ ಇಡೀ ಊರು ಎದ್ದು ನಿಲ್ಲುತ್ತಿತ್ತು. ಊರೆಂದರೆ ನಲವತ್ತು ಮನೆ. ಮುಂದಿನ ಊರಿಗೆ ಒಂದು ಹಗಲಿನ ನಡಿಗೆ. ಆಸ್ಪತ್ರೆಗೆ ಜೀಪಿನಲ್ಲಿ ಹದಿನಾಲ್ಕು ಗಂಟೆ, ಗುಡ್ಡ ಕುಸಿದರೆ ಅದೂ ಇಲ್ಲ. ವಿಮಾನ ವಾರಕ್ಕೆ ಎರಡು ಸಲ ಬರುತ್ತಿತ್ತು, ಮೋಡ ಬಿಟ್ಟುಕೊಟ್ಟರೆ. ಹುಲ್ಲಿನ ನಡುವೆ ಬಳಿದಿಟ್ಟ ಡಾಂಬರಿನ ಪಟ್ಟಿ, ತಗಡಿನ ಶೆಡ್ಡು, ಒಂದು ರೇಡಿಯೋ. ವಿಮಾನ ಇಳಿಯುವ ಮುಂಚೆ ಮೋಟರ್ ಬೈಕಿನಲ್ಲಿ ಸೈರನ್ ಕೂಗಿಸುತ್ತ ದನಗಳನ್ನು ಅಟ್ಟುವವನೂ ವಾಸುವೇ, ಟಿಕೆಟ್ ನೋಡುವವನೂ ಅವನೇ, ಜನರನ್ನು ತೂಗುವವನೂ ಅವನೇ. ಅಲ್ಲಿ ಮನುಷ್ಯರನ್ನೂ ತೂಗಬೇಕು. ಸಾಮಾನು ತೂಗುವ ಯಂತ್ರದ ಮೇಲೆ ಒಬ್ಬೊಬ್ಬರೇ ಚಪ್ಪಲಿ ಕಳಚಿ ಹತ್ತಿ, ದೇವರ ಮುಂದೆ ನಿಂತವರಂತೆ ಉಸಿರು ಹಿಡಿಯುತ್ತಿದ್ದರು. ಉಸಿರು ಹಿಡಿದರೆ ತೂಕ ಕಡಿಮೆಯಾಗುವುದಿಲ್ಲ ಎಂದು ಅವನು ಯಾರಿಗೂ ಹೇಳಲಿಲ್ಲ. ಆ ಯಂತ್ರದ ಪಕ್ಕ ನಿಂತಾಗ ಅವನಿಗೆ ತಾನು ಎತ್ತರ ಬೆಳೆದಂತೆ ಅನ್ನಿಸುತ್ತಿತ್ತು. ಯಾರು ಹಾರಬೇಕು, ಯಾರು ಮುಂದಿನ ವಾರ ಬರಬೇಕು. ಎಪ್ಪತ್ತು ವರ್ಷದ ಮುದುಕರು ಸರ್ ಅನ್ನುತ್ತಿದ್ದರು. ಮನೆಯಲ್ಲಿ ಅವನನ್ನು ಯಾರೂ ಪೂರ್ತಿ ಹೆಸರು ಹಿಡಿದು ಕರೆದದ್ದೂ ಇಲ್ಲ.

ಮನೆಗೆ ಬಂದರೆ ಅಂಗಳದಲ್ಲಿ ಬಾಲರಾಜು ಟೈಲ್ಸ್ ಹಾಕುವವನೊಬ್ಬನ ಕಾಲರ್ ಹಿಡಿದುಕೊಂಡಿದ್ದ. ಮೂರನೇ ಮಹಡಿಯ ಬಾತ್‌ರೂಮಿಗೆ ತಪ್ಪು ಟೈಲ್ಸ್ ಬಿದ್ದಿತ್ತಂತೆ. ‘ಕಣ್ಣು ಎಲ್ ಮಡಗಿದ್ಯೋ?’ ಎಂದು ಕೇಳಿ, ಉತ್ತರ ಬರುವ ಮೊದಲೇ ಕೆನ್ನೆಗೆ ಬಾರಿಸಿದ. ಆಮೇಲೆ ಅದೇ ಕೈಯಲ್ಲಿ ಅವನ ಭುಜ ತಟ್ಟಿ, ‘ಅವ್ವಾ, ಇವನ್ಗೊಂದ್ ಲೋಟ ಕಾಪಿ ಕೊಡು,’ ಎಂದು ಒಳಗೆ ಕೂಗಿದ. ಅವರ ಮನೆಯಲ್ಲಿ ಹೊಡೆತಕ್ಕೆ ಯಾವ ವಿಶೇಷವೂ ಇರಲಿಲ್ಲ, ಬಿಸಿಲು ಗಾಳಿಯಂತೆ ಅದೂ ಇತ್ತು. ಅಪ್ಪ ರಾಮಕೃಷ್ಣಪ್ಪ ಎತ್ತಿಗೆ ಹೊಡೆಯುವ ಬಾರುಕೋಲಿನಲ್ಲೇ ಮಕ್ಕಳಿಗೂ ಹೊಡೆಯುತ್ತಿದ್ದ. ಎತ್ತು ಮಾರಿ, ಹೊಲ ಸೈಟುಗಳಾಗಿ, ಸೈಟಿನ ಮೇಲೆ ಬಾಡಿಗೆ ಮನೆಗಳೆದ್ದ ಮೇಲೂ ಬಾರುಕೋಲು ಬಾಗಿಲ ಹಿಂದೆಯೇ ಇತ್ತು. ಬಾಲರಾಜು ಏಟು ತಿನ್ನುತ್ತ ನಗುತ್ತಿದ್ದ. ವಾಸು ಏಟು ಬೀಳುವ ಮೊದಲೇ ಚಡ್ಡಿಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ಹನ್ನೊಂದು ವರ್ಷದವನಾಗಿದ್ದಾಗ ಒಮ್ಮೆ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಹಾಗಾಗಿ, ಅಪ್ಪ ಕೋಲನ್ನು ಕೆಳಗೆ ಹಾಕಿ, ‘ಇದು ನನ್ಗುಟ್ಟಿದ್ದಲ್ಲ,’ ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವತ್ತು ಏಟು ಬೀಳಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು ಎಂದು ವಾಸು ಎಷ್ಟೋ ವರ್ಷ ಅಂದುಕೊಂಡಿದ್ದ. ಈಗ ಅಪ್ಪ ಇಲ್ಲ. ಮೂರು ತಿಂಗಳ ಹಿಂದೆ, ಕಂಪನಿ ರಜೆ ಕೊಟ್ಟು ಕಳಿಸಿ, ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು ಬಂದಾಗ ಅವ್ವ ಮುನಿಯಲ್ಲಮ್ಮ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ‘ನಿಮ್ಮಪ್ಪ ಇರ್ಬೇಕಾಗಿತ್ತು ಕಣ್ಲಾ,’ ಎಂದು ಅತ್ತಿದ್ದಳು. ನಿಜ ಹೇಳುವುದಕ್ಕೆ ಅದೇ ಸರಿಯಾದ ಗಳಿಗೆಯಾಗಿತ್ತು. ಅವನು ಅವ್ವನ ಕೈಯಲ್ಲಿ ಮುಖ ಇಟ್ಟುಕೊಂಡು ಸುಮ್ಮನಿದ್ದ.

ಅವ್ವ ಮುದ್ದೆ ಬಡಿಸಿದಳು. ಅವನು ಮುರಿದು ಮುರಿದು ಸಾರಿನಲ್ಲಿ ಅದ್ದುತ್ತಲೇ ಕೂತ. ಬಾಲರಾಜು ಎದುರಿಗೆ ಕೂತು ನೋಡಿದ. ‘ಯಾಕ್ಲಾ ಇಂಗಾಡ್ತೀಯ? ಮೊಕ ನೋಡು, ಸುಣ್ಣ ಬಳ್ದಂಗದೆ.’ ವಾಸು ಹೇಳಬೇಕೆಂದುಕೊಂಡದ್ದು ಬೇರೆ. ಬಾಯಿಂದ ಬಂದದ್ದು, ‘ಅಲ್ಲಿಯವರು ಬಂದವ್ರೆ ಕಣಣ್ಣ. ಏರ್‌ಸ್ಟ್ರಿಪ್ಪಿನವರು. ಕೆಂಪಾಪುರ್ದಲ್ಲಿ ಅವ್ರೆ. ಬಾ ಅಂತ ಫೋನ್ ಮಾಡಿದ್ರು.’ ಬಾಲರಾಜು ಎಂಜಲು ಕೈಯಲ್ಲೇ ಎದ್ದ. ‘ನಮ್ ಊರ್ಗೇ ಬಂದು ನಿನ್ನ ಕರುಸ್ಕತಾರಾ? ಎಷ್ಟ್ ಜನ ಅವ್ರೆ?’ ‘ಇಬ್ರು.’ ‘ಇಬ್ರು ಅಂತಾರೆ. ನೀನ್ ಒಬ್ನೇ ಓಗಂಗಿಲ್ಲ. ನಾನೂ ಬತ್ತೀನಿ.’ ಇಬ್ಬರಲ್ಲಿ ಒಬ್ಬಳು ಹೆಂಗಸು, ಇನ್ನೊಬ್ಬ ಕಣ್ಣಿಗೆ ಪಟ್ಟಿ ಕಟ್ಟಿದವನು ಎಂದು ಹೇಳಿದ್ದರೆ ಬಾಲರಾಜು ಮತ್ತೆ ಕೂತು ಉಣ್ಣುತ್ತಿದ್ದ. ವಾಸು ಹೇಳಲಿಲ್ಲ. ಅಣ್ಣನ ಅಗಲ ಬೆನ್ನು ಕೈ ತೊಳೆಯಲು ಬಗ್ಗಿದ್ದನ್ನು ನೋಡುತ್ತ ಅವನಿಗೆ ಚಿಕ್ಕಂದಿನ ಒಂದು ನೆಮ್ಮದಿ ಮೈಗೆ ಹರಡಿತು, ಅದರ ಹಿಂದೆಯೇ ನಾಚಿಕೆಯೂ ಬಂತು.

ಬಾಲರಾಜುವಿನ ದೊಡ್ಡ ಕಪ್ಪು ಗಾಡಿ ಏರ್‌ಪೋರ್ಟ್ ರಸ್ತೆಯ ಸರ್ವಿಸ್ ರೋಡಿಗೆ ಇಳಿದು ಹೆಬ್ಬಾಳದ ಕಡೆಗೆ ಹೊರಳಿತು. ಮೇಲಿನ ರಸ್ತೆಯಲ್ಲಿ ಟ್ಯಾಕ್ಸಿಗಳು ಒಂದರ ಹಿಂದೊಂದು. ಅದರೊಳಗಿದ್ದವರೆಲ್ಲ ಸೀಟು ನಂಬರು ಹಿಡಿದುಕೊಂಡು, ತಾವು ಹತ್ತಬಹುದೋ ಇಲ್ಲವೋ ಎಂಬ ಅನುಮಾನವೇ ಇಲ್ಲದೆ ಹೋಗುತ್ತಿದ್ದರು. ಅಲ್ಲಿ ಅವತ್ತು, ಐದು ದಿನ ಮೋಡ ಮುಚ್ಚಿ ಆರನೇ ದಿನ ವಿಮಾನ ಬಂದಿತ್ತು. ಒಂಬತ್ತು ಸೀಟು. ಪೈಲಟ್ ಎಂಜಿನ್ ಆರಿಸಲೇ ಇಲ್ಲ. ಕಣಿವೆಯ ಬಾಯಲ್ಲಿ ಮತ್ತೆ ಮೋಡ ಕಟ್ಟುತ್ತಿದೆ, ಗಾಳಿ ಹಿಂದಿನಿಂದ ಬೀಸುತ್ತಿದೆ, ಏಳೇ ಜನ, ಎಂಟು ನಿಮಿಷ ಎಂದು ಕಿಟಕಿಯಿಂದ ಬೆರಳು ತೋರಿಸಿದ. ವಾಸು ಏಳು ಜನರನ್ನು ತೂಗಿ ಹತ್ತಿಸಿದ. ಅವರಲ್ಲಿ ಮೂವರು ರಸ್ತೆ ಕಂಟ್ರಾಕ್ಟಿನವರು, ಅಂದರೆ ಒಬ್ಬ ದೊಡ್ಡ ಇಂಜಿನಿಯರು ಮತ್ತು ಅವನ ಇಬ್ಬರು ಜನ. ಆಗ ಬಂದರು ಬಿದಿರಿನ ಸ್ಟ್ರೆಚರ್ ಹೊತ್ತುಕೊಂಡು. ತಾಮೆಯ ಹೆಂಡತಿ ಯಾಪಿ, ಊರ ಶಾಲೆಯ ಟೀಚರು, ಏಳು ತಿಂಗಳ ಬಸುರಿ. ಹೊದಿಕೆ ತೊಡೆಯ ಹತ್ತಿರ ಕಪ್ಪಗಾಗಿತ್ತು. ತಾಮೆ ಹೆಲ್ತ್ ಸೆಂಟರಿನ ನರ್ಸ್ ಬರೆದ ಕಾಗದ ಚಾಚಿದ. ಸ್ಟ್ರೆಚರು, ಅದರ ಮೇಲಿನವಳು, ಜೊತೆಗೊಬ್ಬ, ಸೇರಿ ಮೂವರ ತೂಕ. ಮೂವರನ್ನು ಇಳಿಸಬೇಕು. ವಾಸು ವಿಮಾನದ ಬಾಗಿಲ ತನಕ ಹೋಗಿ ಒಳಗೆ ನೋಡಿದ. ಇಂಜಿನಿಯರು ಬೆಲ್ಟ್ ಕಟ್ಟಿಕೊಂಡು ಕೂತಿದ್ದವನು ಹುಬ್ಬು ಮೇಲೆತ್ತಿ, ‘ಏನು?’ ಎಂದ. ಆ ಒಂದು ಮಾತಿನಲ್ಲಿ ಬಾಗಿಲ ಹಿಂದಿನ ಕೋಲು ಇತ್ತು. ವಾಸು, ‘ಏನಿಲ್ಲ ಸರ್,’ ಎಂದು ಹಿಂದಕ್ಕೆ ಬಂದ. ಬಂದು ತಾಮೆಗೆ, ಕಾಗದದ ಮೇಲೆ ಸೀಲ್ ಇಲ್ಲ, ಸೀಲ್ ಇಲ್ಲದ ಪೇಷೆಂಟನ್ನು ಹತ್ತಿಸುವ ಹಾಗಿಲ್ಲ, ಕಂಪನಿ ತೀರ್ಮಾನ ಮಾಡಬೇಕು, ನಾನು ಬರೀ ನೌಕರ ಎಂದ.

‘ಅದೇನ್ ಏಟ್ ಒಡುದ್ರೋ ನಿಂಗೆ,’ ಎಂದು ಸ್ಟೀರಿಂಗ್ ಮೇಲೆ ತಾಳ ಹಾಕುತ್ತ ಬಾಲರಾಜು ತನ್ನಷ್ಟಕ್ಕೆ ಕುದಿಯುತ್ತಿದ್ದ. ‘ಇವತ್ತು ಬಡ್ಡಿ ಸಮೇತ.’ ಅವತ್ತು ತಾಮೆ ಮೊದಲು ಕೈ ಮುಗಿದ. ಆಮೇಲೆ ಕಾಲು ಹಿಡಿದ. ಆಮೇಲೆ ಎದ್ದು ನಿಂತು, ಬೇಡುವುದೆಲ್ಲ ಮುಗಿದುಹೋದ ಮುಖದಲ್ಲಿ ವಾಸುವಿನ ತೋಳು ಹಿಡಿದುಕೊಂಡು ಮೆಲ್ಲಗೆ, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, ‘ನಿಮಗೆ ಅವರನ್ನು ಕಂಡರೆ ಭಯ,’ ಎಂದ. ಅಷ್ಟೇ. ಎಂಜಿನ್ನಿನ ಸದ್ದಿನಲ್ಲಿ ಬೇರೆ ಯಾರಿಗೂ ಅದು ಕೇಳಿಸಿರಲಾರದು. ವಾಸುವಿನ ಕೈಯಲ್ಲಿ ವಿಮಾನದ ಚಕ್ರಕ್ಕೆ ಅಡ್ಡ ಇಡುವ ಮರದ ತುಂಡಿತ್ತು, ಆಗ ತಾನೇ ಎಳೆದು ತೆಗೆದದ್ದು. ಎಷ್ಟು ಸಲ ಎಂದು ಅವನಿಗೆ ನೆನಪಿಲ್ಲ. ಮೊದಲನೆಯದರಲ್ಲಿ ತಾಮೆ ಮಂಡಿಯೂರಿದ. ಆಮೇಲಿನವು ಮಂಡಿಯೂರಿದವನ ಮೇಲೆ ಬಿದ್ದವು. ಮರ ಎಲುಬಿಗೆ ತಾಗಿದಾಗಿನ ಸದ್ದು ಕೈಯಿಂದ ಏರಿ ಎದೆಗೆ ಬಂದು ಅಲ್ಲಿ ಏನನ್ನೋ ಸಡಿಲ ಮಾಡುತ್ತಿತ್ತು, ಬಹಳ ದಿನದಿಂದ ಬಿಗಿದಿದ್ದ ಏನನ್ನೋ. ವಿಮಾನ ಓಡಿ ಎದ್ದಿತು. ಆಮೇಲೆ ಯಾರೋ ಒಂದು ಕಲ್ಲು ಬೀಸಿದರು, ಒಂದೇ ಕಲ್ಲು, ಅದು ಹುಬ್ಬು ಸೀಳಿತು. ಕಂಪನಿಯವರು ಟೈಪ್ ಮಾಡಿ ತಂದ ಹೇಳಿಕೆಯಲ್ಲಿ ಕಲ್ಲು ಮೊದಲು ಬಂದಿತ್ತು, ಕಲ್ಲು ‘ಗುಂಪು’ ಆಗಿತ್ತು. ಅವನು ಸಹಿ ಹಾಕಿದ. ಜೀಪಿನ ದಾರಿಯ ಒಂಬತ್ತನೇ ಗಂಟೆಯಲ್ಲಿ ಮಗು ಹುಟ್ಟಿತಂತೆ, ಅಳಲಿಲ್ಲವಂತೆ. ಅದನ್ನು ಅವನು ಕೇಳಿದ್ದು ವಾರದ ಮೇಲೆ, ಏರ್‌ಸ್ಟ್ರಿಪ್ಪಿನ ಹಮಾಲಿಯೊಬ್ಬನಿಂದ, ಫೋನಿನಲ್ಲಿ.

ಕೆಂಪಾಪುರದ ಆ ಗಲ್ಲಿಯಲ್ಲಿ ಆಸ್ಪತ್ರೆಗೆ ಬರುವ ಹೊರಗಿನವರಿಗೆಂದೇ ರೂಮು ಕೊಡುವ ನಾಲ್ಕು ಮಹಡಿಯ ಕಟ್ಟಡ. ವಾಸು, ‘ನೀನು ಕೆಳಗಿರಣ್ಣ, ನಾನು ಕೂಗ್ತೀನಿ,’ ಎಂದ. ಬಾಲರಾಜು, ‘ಐದ್ ನಿಮ್ಸ,’ ಎಂದು ಗಾಡಿಗೆ ಒರಗಿ ನಿಂತ. ಮೂರನೇ ಮಹಡಿಯ ರೂಮಿನ ಬಾಗಿಲು ತೆರೆದೇ ಇತ್ತು. ಒಂದು ಮಂಚ, ಒಂದು ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಎಲೆಕ್ಟ್ರಿಕ್ ಒಲೆ, ಅದರ ಮೇಲೆ ಅನ್ನ ಬೇಯುತ್ತಿತ್ತು. ತಾಮೆ ಮಂಚದ ತುದಿಯಲ್ಲಿ ಕೂತಿದ್ದ. ಎಡಗಣ್ಣಿನ ಮೇಲೆ ಬಿಳಿ ಪಟ್ಟಿ. ಕೆನ್ನೆಯ ಮೂಳೆ ಒಳಕ್ಕೆ ಹೋಗಿ ಮುಖದ ಒಂದು ಭಾಗ ಬೇರೆ ಯಾರದೋ ಆಗಿತ್ತು. ಅವನು ಎದ್ದು ನಿಂತು, ‘ಬನ್ನಿ ಸರ್,’ ಎಂದು ಕುರ್ಚಿ ತೋರಿಸಿದ. ಯಾಪಿ ಒಲೆಯ ಹತ್ತಿರ ನಿಂತಿದ್ದಳು. ಸ್ಟ್ರೆಚರಿನ ಮೇಲೆ ಮಲಗಿದ್ದವಳು ಇಷ್ಟು ಗಿಡ್ಡ ಎಂದು ಅವನಿಗೆ ಗೊತ್ತಿರಲಿಲ್ಲ. ಅವಳು ಒಂದು ಲೋಟ ಕರಿ ಟೀ ತಂದು ಕುರ್ಚಿಯ ಪಕ್ಕ ನೆಲದ ಮೇಲಿಟ್ಟಳು. ಕತ್ತಿ ಎಲ್ಲೂ ಇರಲಿಲ್ಲ. ವಾಸು ಅದನ್ನು ನಿಜವಾಗಿಯೂ ಹುಡುಕಿದ, ಮಂಚದ ಕೆಳಗೂ ಒಮ್ಮೆ ಕಣ್ಣಾಡಿಸಿದ. ಆಮೇಲೆ ಯಾಪಿ ತನ್ನನ್ನು ನೋಡುತ್ತಿದ್ದಾಳೆಂದು ತಿಳಿದು ಟೀ ಎತ್ತಿಕೊಂಡ.

‘ಕಣ್ಣು ಬರುತ್ತಾ?’ ಎಂದ.

‘ಬರೋಲ್ಲ ಅಂದರು,’ ತಾಮೆ ಹೇಳಿದ. ‘ಇನ್ನೊಂದು ಕಣ್ಣು ಉಳೀಬೇಕು. ಅದಕ್ಕೆ ಎರಡು ತಿಂಗಳಿಗೊಮ್ಮೆ ಇಲ್ಲಿಗೆ ಬಂದು ತೋರಿಸಬೇಕು, ಒಂದು ವರ್ಷ. ಸರ್, ನನ್ನ ಹೆಸರು ನಿಮ್ಮ ಕಂಪನಿಯ ಲಿಸ್ಟಿನಲ್ಲಿದೆ. ಗಲಾಟೆ ಮಾಡಿದವರ ಲಿಸ್ಟು. ಎರಡು ವರ್ಷ ಹತ್ತೋ ಹಾಗಿಲ್ಲ. ಈಗ ಜೀಪಿನಲ್ಲಿ ಬಂದೆವು. ಮುಂದಿನ ತಿಂಗಳು ಮಳೆ. ರಸ್ತೆ ಇರೋಲ್ಲ. ದೀಪಾವಳಿ ತನಕ ಇರೋಲ್ಲ, ನಿಮಗೇ ಗೊತ್ತು.’

ವಾಸುವಿಗೆ ಗೊತ್ತಿತ್ತು. ‘ನಾನೇನು ಮಾಡಲಿ?’

‘ಒಂದು ಕಾಗದ ಬರೆದುಕೊಡಿ. ನಾನು ಹೊಡೆಯಲಿಲ್ಲ ಅಂತ. ನೀವು ಬರೆದರೆ ಹೆಸರು ತೆಗೀತಾರೆ. ಬೇರೆ ಏನೂ ಬೇಡ.’

ಬೇರೆ ಏನೂ ಬೇಡ ಎಂಬುದು ವಾಸುವಿಗೆ ಕತ್ತಿಗಿಂತ ಆಳಕ್ಕೆ ಇಳಿಯಿತು. ಬೈದಿದ್ದರೆ, ಉಗಿದಿದ್ದರೆ, ಅವನು ಬಹುಶಃ ಅಲ್ಲೇ ಕುಸಿದು ಎಲ್ಲ ಬರೆದುಕೊಟ್ಟುಬಿಡುತ್ತಿದ್ದ. ಅವರು ಇನ್ನೂ ಸರ್ ಅನ್ನುತ್ತಿದ್ದರು. ಆ ಕಾಗದ ಬರೆದರೆ ಹೇಳಿಕೆಗೆ ಹಾಕಿದ ಸಹಿ ಸುಳ್ಳಾಗುತ್ತದೆ, ಕೆಲಸ ಹೋಗುತ್ತದೆ, ಪೊಲೀಸರು ಈ ಕಡೆ ತಿರುಗುತ್ತಾರೆ. ಅದಕ್ಕಿಂತ ಮೊದಲು ಅವ್ವ ತನ್ನ ಮುಖದಿಂದ ಎರಡೂ ಕೈಗಳನ್ನು ತೆಗೆದುಕೊಳ್ಳುತ್ತಾಳೆ. ಅವನು ಟೀಯ ಲೋಟ ನೋಡುತ್ತ ಮಾತಾಡಿದ. ಅಂಥ ಕಾಗದಕ್ಕೊಂದು ಫಾರ್ಮ್ ಇರುತ್ತದೆ, ಮೇಲಿನವರನ್ನು ಕೇಳಬೇಕು, ನಾನು ಪ್ರಯತ್ನ ಮಾಡುತ್ತೇನೆ, ಆದರೆ ಕಂಪನಿ ತೀರ್ಮಾನ ಮಾಡಬೇಕು, ನಾನು ಬರೀ ನೌಕರ.

‘ಅವತ್ತೂ ಇದನ್ನೇ ಹೇಳಿದಿರಿ,’ ಎಂದಳು ಯಾಪಿ. ಅವಳು ಮಾತಾಡಿದ್ದು ಅದೇ ಮೊದಲು. ‘ಇದೇ ಮಾತು, ಇದೇ ಸಾಲಾಗಿ.’

ವಾಸು ಎದ್ದ. ತಾಮೆಯೂ ಎದ್ದು, ‘ಸರ್, ಸರ್, ಹೋಗಬೇಡಿ,’ ಎಂದು ಅವನ ತೋಳು ಹಿಡಿದುಕೊಂಡ. ಬಾಲರಾಜು ಬಾಗಿಲಿಗೆ ಬಂದದ್ದು ಆಗ. ಐದು ನಿಮಿಷ ಆಗಿತ್ತು. ಅವನಿಗೆ ಕಂಡದ್ದು ತಮ್ಮನ ತೋಳು ಹಿಡಿದು ಎಳೆಯುತ್ತಿದ್ದ ಒಬ್ಬ ಅಪರಿಚಿತ. ‘ಲೇ! ನಮ್ ಉಡ್ಗನ್ ಮೇಲೆ ಕೈ ಮಾಡ್ತೀಯಾ?’ ಎಂದು ಒಂದೇ ದಾಪುಗಾಲಿನಲ್ಲಿ ಒಳಗೆ ಬಂದು ತಾಮೆಯ ಎದೆಗೆ ಒದ್ದ. ತಾಮೆ ಮಂಚದ ಅಂಚಿಗೆ ಬಡಿದು ಕೆಳಗೆ ಜಾರಿದ. ಬಾಲರಾಜು ಬಗ್ಗಿ ಅವನ ಕೂದಲು ಹಿಡಿದು ಮುಖಕ್ಕೆ ಗುದ್ದಿದ. ಇನ್ನೊಮ್ಮೆ ಗುದ್ದಿದ. ಪಟ್ಟಿ ಕಳಚಿ ಬಂತು. ಯಾಪಿ ಕಿರುಚುತ್ತ ಅವನ ಬೆನ್ನಿಗೆ ಜೋತುಬಿದ್ದಳು. ಅವನು ಹೆಗಲು ಕೊಡವಿದ, ಅವಳು ಒಲೆಯ ಮೇಲೆ ಬಿದ್ದಳು, ಅನ್ನದ ಪಾತ್ರೆ ಉರುಳಿ ಗಂಜಿ ನೆಲದ ಮೇಲೆಲ್ಲ ಹರಿಯಿತು. ವಾಸು ನೋಡುತ್ತ ನಿಂತಿದ್ದ. ಆ ಕೆಲವು ಕ್ಷಣ ಅವನೊಳಗೆ ಹರಡಿದ್ದು ಬಿಡುಗಡೆ. ಈಗ ಹೊಡೆಯುತ್ತಿರುವವನು ತಾನಲ್ಲ. ಈಗ ಯಾವ ಕಾಗದವೂ ಬರೆಯಬೇಕಿಲ್ಲ. ಎಲ್ಲವನ್ನೂ ಅಣ್ಣ ತನ್ನ ಅಗಲ ಬೆನ್ನಿನ ಹಿಂದೆ ಮುಚ್ಚಿಬಿಡುತ್ತಾನೆ. ತಾಮೆ ಒಂದು ಕೈಯಿಂದ ಬಲಗಣ್ಣನ್ನು, ಉಳಿದ ಒಂದೇ ಕಣ್ಣನ್ನು ಮುಚ್ಚಿಕೊಂಡು, ಇನ್ನೊಂದು ಕೈಯನ್ನು ವಾಸುವಿನ ಕಡೆಗೆ ಚಾಚಿ, ಬೇಡ ಎಂದು ಅಲ್ಲಾಡಿಸಿದ. ಹೊಡೆಯುತ್ತಿದ್ದವನನ್ನು ಬಿಟ್ಟು ಅವನು ವಾಸುವನ್ನು ಬೇಡುತ್ತಿದ್ದ.

ಮುಂದಿನದು ವಾಸು ಯೋಚನೆ ಮಾಡಿ ಮಾಡಿದ್ದಲ್ಲ. ಕುರ್ಚಿ ಕೈಗೆ ಬಂತು, ಅದು ಅಣ್ಣನ ತಲೆಯ ಮೇಲೆ ಮುರಿಯಿತು. ಬಾಲರಾಜು ತಿರುಗಿದ, ಮುಖದಲ್ಲಿ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಾಗಿತ್ತು. ವಾಸು ಮುರಿದ ಕಾಲಿನಿಂದ ಅವನ ಬಾಯಿಗೆ ಹೊಡೆದ, ಕುತ್ತಿಗೆ ಹಿಡಿದು ಬಾಗಿಲ ಚೌಕಟ್ಟಿಗೆ ತಲೆ ಬಡಿದ, ಬಿದ್ದವನ ಪಕ್ಕೆಗೆ ಒದ್ದ. ‘ಬಿಡೋ, ವಾಸು, ನಾನು ಕಣೋ,’ ಎಂದದ್ದು ಕೇಳಿಸಿತು. ಮತ್ತೆ ಒದ್ದ. ಈ ಸಲ ತಾನು ಸರಿಯಾದ ಕಡೆ ಇದ್ದೇನೆ, ಒಬ್ಬ ಕುರುಡಾಗುತ್ತಿರುವವನನ್ನು ಕಾಪಾಡುತ್ತಿದ್ದೇನೆ ಎಂಬುದು ಅವನಿಗೆ ಗೊತ್ತಿತ್ತು. ಹಾಗಾದರೆ ಇದು ಬೇರೆ ಥರ ಇರಬೇಕಿತ್ತು. ಅದು ಬೇರೆ ಥರ ಇರಲಿಲ್ಲ. ಅದೇ ಸದ್ದು ಕೈಯಿಂದ ಏರಿ ಎದೆಗೆ ಬಂದು ಅದನ್ನೇ ಸಡಿಲ ಮಾಡಿತು, ಅದೇ ಬೆಚ್ಚಗಿನ ಸುಖ ಹೊಟ್ಟೆಯೊಳಗೆ ಇಳಿಯಿತು. ಅವನು ನಿಲ್ಲಿಸಲಿಲ್ಲ. ಮುಖಕ್ಕೆ ತಣ್ಣೀರು ಬಡಿದಾಗ ನಿಂತ. ಯಾಪಿ ಖಾಲಿ ಬಕೆಟ್ ಹಿಡಿದು ಎದುರಿಗಿದ್ದಳು. ‘ಸಾಕು,’ ಎಂದಳು. ‘ಇಬ್ಬರೂ ಸಾಕು.’

ಬಾಲರಾಜು ಚೌಕಟ್ಟು ಹಿಡಿದುಕೊಂಡು ಕೂತ. ಒಂದು ಹಲ್ಲು ಹೋಗಿತ್ತು. ಮೂಗಿನಿಂದ ರಕ್ತ ಬಿಳಿ ಶರ್ಟಿಗೆ ಇಳಿಯುತ್ತಿತ್ತು. ಅವನು ವಾಸುವನ್ನು ಬಹಳ ಹೊತ್ತು ನೋಡಿದ, ಆಮೇಲೆ ನಕ್ಕ. ಚಿಕ್ಕಂದಿನಲ್ಲಿ ಕೋಲಿನ ಕೆಳಗೆ ನಗುತ್ತಿದ್ದ ಹಾಗೆಯೇ. ‘ಅಪ್ಪನ್ ಕೈ ಕಣ್ಲಾ ನಿಂದು,’ ಎಂದ. ‘ಸುಮ್ಕೆ ಏನೇನೋ ಅಂತಿದ್ದ ಅಪ್ಪ. ಥೇಟ್ ಅವನ್ದೇ ಕೈ.’ ಆ ಮಾತಿನಲ್ಲಿ ದ್ವೇಷವಿರಲಿಲ್ಲ, ಹೆಮ್ಮೆ ಇತ್ತು. ವಾಸು ಎಷ್ಟೋ ವರ್ಷ ಕಾದಿದ್ದ ಮಾತು ಅದು. ಅವನು ತನ್ನ ಕೈಯನ್ನು ಒದ್ದೆ ಶರ್ಟಿಗೆ ಒರೆಸಿಕೊಂಡ.

‘ಇವ್ರು ನನಗೆ ಹೊಡೀಲಿಲ್ಲ ಕಣಣ್ಣ,’ ಎಂದ. ‘ಇಪ್ಪತ್ತು ಜನ ಮೇಲೆ ಬೀಳ್ಲಿಲ್ಲ. ಎದುರಿಗೆ ಬಂದೋನು ಇವ್ನೊಬ್ಬ. ಹೆಂಡ್ತೀನ ಹತ್ತಿಸ್ಕೊಳ್ಳಿ ಅಂತ ಕಾಲು ಹಿಡ್ದ. ನಾನೇ ಹೊಡ್ದೆ. ಆ ಕಣ್ಣು ನಾನು ತೆಗ್ದಿದ್ದು.’

ಬಾಲರಾಜುವಿನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಉಳಿದು, ನಿಧಾನವಾಗಿ ಆರಿತು. ಅವನು ತಾಮೆಯ ಕಡೆ ನೋಡಿದ. ಪಟ್ಟಿ ಬಿಚ್ಚಿಹೋದ ಗುಳಿಯನ್ನು ನೋಡಿದ, ಅದಕ್ಕೆ ತಾನು ಈಗಷ್ಟೇ ಗುದ್ದಿದ ತನ್ನ ಮುಷ್ಟಿಯನ್ನು ನೋಡಿಕೊಂಡ. ‘ಥೂ,’ ಎಂದ. ಯಾರಿಗೆ ಅಂದನೋ ತಿಳಿಯಲಿಲ್ಲ. ‘ಫ್ಲೆಕ್ಸ್ ಆಕ್ಸುವಾಗ್ಲಾದ್ರೂ ಬೊಗಳ್ಬಾರ್ದಾಗಿತ್ತೇನ್ಲಾ?’ ಗೋಡೆ ಹಿಡಿದು ಎದ್ದು, ಒಂದೊಂದೇ ಮೆಟ್ಟಿಲು ಇಳಿದು ಹೋದ. ಕೆಳಗೆ ಗಾಡಿ ಸ್ಟಾರ್ಟ್ ಆದ ಸದ್ದು ಬಹಳ ಹೊತ್ತು ಬರಲಿಲ್ಲ, ಆಮೇಲೆ ಬಂತು.

ಯಾಪಿ ಗಂಡನ ಮುಖ ಒರೆಸಿ ಹೊಸ ಪಟ್ಟಿ ಕಟ್ಟಿದಳು. ಬಲಗಣ್ಣಿನ ರೆಪ್ಪೆ ಬಿಡಿಸಿ ಮೂರು ಬೆರಳು ಹಿಡಿದು ಕೇಳಿದಳು. ಅವನು ತಮ್ಮ ಭಾಷೆಯಲ್ಲಿ ಏನೋ ಹೇಳಿದ. ಅವಳು ಉಸಿರು ಬಿಟ್ಟಳು. ಅವಳ ಮುಂಗೈ ಒಲೆಗೆ ತಾಗಿ ಬೊಬ್ಬೆ ಎದ್ದಿತ್ತು. ಅದನ್ನು ಅವಳು ನೋಡಿಕೊಳ್ಳಲಿಲ್ಲ. ಚೀಲದಿಂದ ನೋಟ್‌ಬುಕ್ಕು, ಪೆನ್ನು ತೆಗೆದು ವಾಸುವಿನ ಮುಂದೆ ನೆಲದ ಮೇಲಿಟ್ಟಳು. ಅವನು ಗಂಜಿ ಹರಿಯದ ಒಂದು ಮೂಲೆಯಲ್ಲಿ ಚಕ್ಕಳಮಕ್ಕಳ ಕೂತು ಇಂಗ್ಲಿಷಿನಲ್ಲಿ ಬರೆಯತೊಡಗಿದ. ಬೆರಳುಗಳು ಊದಿಕೊಂಡಿದ್ದವು. ತಾರೀಕು, ವಿಮಾನ ಬಂದ ಹೊತ್ತು, ಏಳು ಜನ. ಕಾಗದಕ್ಕೆ ಸೀಲ್ ಇರಲಿಲ್ಲ ಎಂದು ಬರೆಯಲು ಹೊರಟವನು ನಿಂತು, ಮೂವರನ್ನು ಇಳಿಸಲು ನನಗೆ ಧೈರ್ಯವಿರಲಿಲ್ಲ ಎಂದು ಬರೆದ. ತಾಮೆ ನನ್ನನ್ನು ಹೊಡೆಯಲಿಲ್ಲ, ನಾನು ಅವನನ್ನು ಮರದ ತುಂಡಿನಿಂದ ಹೊಡೆದೆ ಎಂದು ಬರೆದ.

‘ಎಷ್ಟು ಸಲ?’ ಎಂದಳು ಯಾಪಿ, ಹೆಗಲ ಮೇಲಿನಿಂದ ಓದುತ್ತ.

‘ನೆನಪಿಲ್ಲ.’

‘ಐದು. ಸ್ಟ್ರೆಚರಿನ ಮೇಲೆ ನನ್ನ ಮುಖ ಈ ಕಡೆಗೆ ತಿರುಗಿತ್ತು. ಬೇರೆ ಕಡೆ ತಿರುಗಿಸೋಕೆ ಆಗ್ತಿರಲಿಲ್ಲ.’

ಅವನು ಐದು ಎಂದು ಬರೆದ. ಸ್ವಲ್ಪ ಹೊತ್ತು ಪೆನ್ನು ಎತ್ತಿ ಹಿಡಿದು, ‘ಮಗುವಿನ ವಿಷಯ...’ ಎಂದ.

‘ಅದು ಬೇಡ,’ ಎಂದಳು. ಧ್ವನಿ ಏರಲಿಲ್ಲ. ‘ಅವಳು ನಿಮ್ಮ ಕಾಗದದಲ್ಲಿ ಇರೋದು ಬೇಡ. ಸಹಿ ಮಾಡಿ. ಪೊಲೀಸರಿಗೆ ಸಿಗೋ ಹಾಗೆ ಮನೆ ಅಡ್ರೆಸ್ ಬರೀರಿ.’

ಹೆಣ್ಣು ಮಗು ಎಂದು ಅವನಿಗೆ ಇಷ್ಟು ದಿನ ಗೊತ್ತಿರಲಿಲ್ಲ. ಕೊಡಿಗೇಹಳ್ಳಿಯ ಮನೆ ನಂಬರು, ಬೀದಿ, ಪಿನ್ ಕೋಡ್ ಬರೆದು, ಹಾಳೆ ಹರಿದು, ಎದ್ದು ಎರಡು ಹೆಜ್ಜೆ ಮುಂದೆ ಬಂದು ತಾಮೆಗೆ ಕೊಡಲೆಂದು ಕೈ ಚಾಚಿದ. ತಾಮೆಯ ಎರಡೂ ಅಂಗೈ ಸರಕ್ಕನೆ ಮೇಲೆದ್ದು ಬಲಗಣ್ಣನ್ನು ಮುಚ್ಚಿದವು. ಅವನು ಮಂಚದ ಮೇಲೆ ಗೋಡೆಯ ತನಕ ಹಿಂದಕ್ಕೆ ಸರಿದು, ಮಂಡಿಯೊಳಗೆ ತಲೆ ಹುದುಗಿಸಿದ. ವಾಸು ಚಾಚಿದ ಕೈಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ಕೆಳಗಿಳಿಸಿ, ಬಗ್ಗಿ ಹಾಳೆಯನ್ನು ನೆಲದ ಮೇಲಿಟ್ಟ. ಆಮೇಲೆ ಹಿಂದೆ ಹಿಂದೆ ನಡೆದು ಎದುರಿನ ಗೋಡೆಗೆ ಬೆನ್ನು ತಾಗುವ ತನಕ ಹೋಗಿ, ಎರಡೂ ಕೈಗಳನ್ನು ಬೆನ್ನಿಗೂ ಗೋಡೆಗೂ ನಡುವೆ ಒತ್ತಿ ಹಿಡಿದುಕೊಂಡು, ಯಾಪಿ ಅದನ್ನು ಎತ್ತಿಕೊಂಡು ಗಂಡನಿಗೆ ಕೊನೆಯ ಸಾಲಿನ ತನಕ ಓದಿ ಹೇಳುವವರೆಗೂ ಅಲ್ಲಾಡದೆ ನಿಂತಿದ್ದ.